ಕರಿಬೇವಿನ ಕಡ್ಡಿ ಯಾವ ಬುಟ್ಟಿಗೆ?

ಬೆಳ್ಳಂದೂರಿನ ಅಪಾರ್ಟ್‌ಮೆಂಟುಗಳ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ರಾಜಕೀಯ ಮಾತಾಡುವಂತಿಲ್ಲ, ಜಾತಿ ಧರ್ಮ ಎತ್ತುವಂತಿಲ್ಲ, ಗುಡ್ ಮಾರ್ನಿಂಗ್ ಚಿತ್ರ ಹಾಕಿದರೂ ಅಡ್ಮಿನ್ ಗದರುತ್ತಾರೆ. ಜಗಳಕ್ಕೆ ಉಳಿದಿರುವುದು ಎರಡೇ ವಿಷಯ: ಪಾರ್ಕಿಂಗ್ ಮತ್ತು ಕಸ. ಪಾರ್ಕಿಂಗ್ ಜಗಳಕ್ಕೆ ವಾರದ ರಜೆಯಾದರೂ ಉಂಟು, ಕಸದ್ದು ನಿತ್ಯಪೂಜೆ. ಬೆಳಿಗ್ಗೆ ಎಂಟಕ್ಕೆಲ್ಲ ಒಂದು ಫೋಟೊ ಬಂದು ಬೀಳುತ್ತದೆ. ಹಸಿ ಕಸದ ಡ್ರಮ್ಮು, ಅದರಲ್ಲಿ ನಿನ್ನೆಯ ಪುಳಿಯೋಗರೆ, ಪುಳಿಯೋಗರೆಯ ಮೇಲೆ ಮಗುವಿನ ಡೈಪರು. ಕೆಳಗೆ ಒಂದೇ ಸಾಲು: ‘ಇದು ಯಾರ ಮನೆಯದು?’ ಎಲ್ಲರೂ ನೋಡುತ್ತಾರೆ, ಒಬ್ಬರೂ ಉಸಿರೆತ್ತುವುದಿಲ್ಲ. ಡೈಪರಿನ ವಯಸ್ಸಿನ ಮಕ್ಕಳಿರುವ ಅಪ್ಪಂದಿರಂತೂ ಅವತ್ತು ಲಿಫ್ಟಿನಲ್ಲಿ ಮೊಬೈಲಿನಿಂದ ತಲೆ ಎತ್ತದೆ ಕೆಳಗಿಳಿದು ಕಾರು ಹತ್ತುತ್ತಾರೆ.

ನಿಯಮ ಕೇಳಲು ಸರಳವಾಗಿಯೇ ಇದೆ. ಎರಡು ಬುಟ್ಟಿ, ಒಂದು ಚೀಲ. ಹಸಿರು ಬುಟ್ಟಿಗೆ ಅಡುಗೆಮನೆಯ ಹಸಿ ಕಸ, ಕೆಂಪು ಬುಟ್ಟಿಗೆ ಡೈಪರು, ಪ್ಯಾಡು, ಬ್ಯಾಂಡೇಜು, ಗುಡಿಸಿದ ಧೂಳು. ಕಾಗದ, ಪ್ಲಾಸ್ಟಿಕ್ಕು, ಗಾಜು, ತಗಡು ಚೀಲಕ್ಕೆ. ಈ ಪದ್ಧತಿಯನ್ನು ಮನೆಮನೆಗೆ ಹೇಳಿಕೊಡುತ್ತ ಬಂದವರಲ್ಲಿ ‘ಕಸಮುಕ್ತ ಬೆಳ್ಳಂದೂರು’ ಎಂಬ ಇಲ್ಲಿನದೇ ನಾಗರಿಕರ ಗುಂಪೂ ಒಂದು. 2015ರ ಡಿಸೆಂಬರಿನಲ್ಲಿ ಕರ್ನಾಟಕ ಹೈಕೋರ್ಟ್ ಇದನ್ನೇ ಇಡೀ ಬೆಂಗಳೂರಿಗೆ ಕಡ್ಡಾಯ ಮಾಡಿತು. ಈರುಳ್ಳಿ ಸಿಪ್ಪೆಯನ್ನು ಎಲ್ಲಿ ಹಾಕಬೇಕೆಂದು ಹೈಕೋರ್ಟಿನಿಂದ ಹೇಳಿಸಿಕೊಂಡ ಭಾಗ್ಯ ಎಲ್ಲ ಊರಿಗೂ ಸಿಗುವಂಥದ್ದಲ್ಲ.

ಕೋರ್ಟಿನವರೆಗೆ ಹೋಗಲು ಕಾರಣವೂ ಇತ್ತು. ಬೆಂಗಳೂರು ತನ್ನ ಕಸವನ್ನು ಮೊದಲು ಉತ್ತರಕ್ಕೆ, ಮಾವಳ್ಳಿಪುರಕ್ಕೆ, ಸಾಗಿಸುತ್ತಿತ್ತು. ಹಳ್ಳಿಯವರ ಪ್ರತಿಭಟನೆಯಿಂದ 2012ರಲ್ಲಿ ಆ ಬಾಗಿಲು ಮುಚ್ಚಿದಾಗ ಗಾರ್ಡನ್ ಸಿಟಿಯ ಬೀದಿಬೀದಿಯಲ್ಲೂ ಕಸದ ರಾಶಿ ಎದ್ದಿತು. ಆಮೇಲೆ ಭಾರವೆಲ್ಲ ಹಳೇ ಮದ್ರಾಸು ರಸ್ತೆಯ ಕಡೆಯ ಮಂಡೂರಿನ ತಲೆಗೆ. ಅಲ್ಲಿನವರೂ ರಸ್ತೆಗಿಳಿದರು, 2014ರ ಕೊನೆಗೆ ಅಲ್ಲಿಯೂ ಲಾರಿಗಳು ನಿಂತವು. ಪ್ಲಾಸ್ಟಿಕ್ಕಿನ ಜತೆ ಬೆರೆತು ಕೊಳೆತ ಅನ್ನ ಸಾರು ಇಷ್ಟಕ್ಕೆಲ್ಲ ಮೂಲ. ನಗರದ ಕಸದಲ್ಲಿ ಅರ್ಧಕ್ಕಿಂತ ಹೆಚ್ಚು ಅಡುಗೆಮನೆಯದೇ. ಅದೊಂದನ್ನು ಬೇರೆ ಇಟ್ಟರೆ ಗೊಬ್ಬರ, ಬೆರೆಸಿದರೆ ನಾರುವ ಗುಡ್ಡ.

ಇದನ್ನೆಲ್ಲ ಸೊಸೆ ವಿವರಿಸಿದಾಗ ಹಾಸನದಿಂದ ಬಂದ ಅತ್ತೆ ತಲೆದೂಗುತ್ತಾರೆ. ತೊಡಕು ಶುರುವಾಗುವುದು ಮರುದಿನ, ಅಡುಗೆಕಟ್ಟೆಯ ಮುಂದೆ. ಇಂಥ ಸಂಭಾಷಣೆ ನಡೆಯದ ಕನ್ನಡದ ಮನೆ ಬೆಳ್ಳಂದೂರಿನಲ್ಲಿ ಇರಲಿಕ್ಕಿಲ್ಲ.

“ನಿಂಬೆಹಣ್ಣಿನ ಹೋಳು ಬಿಸಿಲಲ್ಲಿ ಒಣಗಿಹೋಗಿದೆ ಕಣಮ್ಮ, ಚೀಲಕ್ಕೆ ಹಾಕ್ಲಾ?”

“ಬೇಡ ಅತ್ತೆ, ಅದು ಹಸಿ ಕಸ.”

“ಹಾಲಿನ ಕವರು ತೊಳೆದಿಟ್ಟಿದೀನಿ, ನೀರು ಸೋರ್ತಿದೆ. ಅದೂ ಅಲ್ಲಿಗೇನಾ?”

“ಅಯ್ಯೋ, ಅದು ಒಣ ಕಸ.”

“ಸಾರಿಂದ ತೆಗೆದಿಟ್ಟ ಕರಿಬೇವಿನ ಕಡ್ಡಿ?”

“ಹಸಿ.”

“ತೆಂಗಿನ ಕರಟ?”

ಇಲ್ಲಿ ಸೊಸೆ ತಡವರಿಸುತ್ತಾಳೆ. ಕರಟ ಮರದ್ದೇ ಸರಿ, ಆದರೆ ತಿಂಗಳುಗಟ್ಟಲೆ ಕೊಳೆಯದೆ ಗೊಬ್ಬರದವರ ಯಂತ್ರದ ಹಲ್ಲು ಮುರಿಯುತ್ತದೆ; ಅದನ್ನೂ ಎಳನೀರಿನ ಬುರುಡೆಯನ್ನೂ ಬೇರೆಯೇ ಇಡಿ ಅನ್ನುತ್ತಾರೆ. ಎಲ್ಲಿ ಇಡಬೇಕೆಂದು ಕೇಳಿದರೆ ಒಬ್ಬೊಬ್ಬ ಸೂಪರ್‌ವೈಸರಿಗೆ ಒಂದೊಂದು ಮತ. ಅತ್ತೆಯವರ ತೀರ್ಮಾನ ಮಾತ್ರ ಸ್ಪಷ್ಟ: “ನಮ್ಮೂರಲ್ಲಿ ಇಷ್ಟೊಂದು ಓದಬೇಕಾಗಿರ್ಲಿಲ್ಲಮ್ಮ. ಕಲಗಚ್ಚಿನ ಬಾನಿ ಇತ್ತು, ಹಸು ಇತ್ತು.”

ಅವರ ಮಾತಿನಲ್ಲಿ ಹುರುಳಿದೆ. ಅಕ್ಕಿ ತೊಳೆದ ನೀರು, ಬಾಳೆಕಾಯಿ ಸಿಪ್ಪೆ, ಮಿಕ್ಕ ಅನ್ನ ಬಾನಿಗೆ. ಹಸು ಮೂಸಿ ಬಿಟ್ಟದ್ದು ಸಗಣಿಯ ಜತೆ ತಿಪ್ಪೆಗೆ, ತಿಪ್ಪೆಯದು ಗದ್ದೆಗೆ. ಬೆಳ್ಳಂದೂರೂ ಅಂಥದೇ ಹಳ್ಳಿಯಾಗಿತ್ತು. ಸುಮಾರು 900 ಎಕರೆಯ ಕೆರೆಯ ಆಸರೆಯಲ್ಲಿ ಗದ್ದೆಯೂ ಇತ್ತು, ದನವೂ ಇತ್ತು. ಗದ್ದೆಯ ಜಾಗದಲ್ಲಿ ಟೆಕ್ ಪಾರ್ಕುಗಳು ಎದ್ದವು. ಕೆರೆ 2015ರಲ್ಲಿ ರಸ್ತೆಗೆ ನೊರೆ ಉಗುಳಿ, 2017ರ ಫೆಬ್ರುವರಿಯಲ್ಲಿ ಹೊತ್ತಿ ಉರಿದು, 2018ರ ಜನವರಿಯಲ್ಲಿ ಮತ್ತೆ ಉರಿದು, ಆರಿಸಲು ಸೇನೆಯವರೇ ಬರಬೇಕಾಯಿತು. ನೊರೆಗೆ ಚರಂಡಿ ನೀರು, ಡಿಟರ್ಜೆಂಟು ಕಾರಣವೇ ಹೊರತು ಯಾರ ಮನೆಯ ಕರಿಬೇವೂ ಅಲ್ಲ. ಆದರೂ ‘ನೀವು ಆ ಉರಿಯುವ ಕೆರೆಯವರಾ?’ ಎಂದು ಕೇಳಿಸಿಕೊಂಡ ಊರು ಉಳಿದ ವಿಷಯದಲ್ಲಾದರೂ ಮಾನ ಉಳಿಸಿಕೊಳ್ಳಲು ಹೆಣಗುವುದು ಸಹಜ.

ಹಸಿರು ಬುಟ್ಟಿಗೆ ಒಂದು ಪಂಚಾಂಗವೂ ಉಂಟು. ಡಿಸೆಂಬರು ಬಂತೆಂದರೆ ಅವರೆಕಾಯಿ ಸಿಪ್ಪೆ. ಹಿತಕಿದ ಬೇಳೆ ಸಾರು ಮಾಡುವ ಮನೆಗಂತೂ ಒಂದು ಬುಟ್ಟಿ ಸಾಲದು, ಕಾಯಿಯ ಸಿಪ್ಪೆಗೊಂದು, ಕಾಳಿನ ತೊಗಲಿಗೊಂದು. ಜನವರಿ ಮೊದಲ ವಾರ ಹಣ್ಣಿನ ಸಿಪ್ಪೆ, ಸೌತೆ, ಕ್ಯಾರೆಟ್ಟಿನ ತುದಿ. ಮೂರನೇ ವಾರಕ್ಕೆ ಇಡೀ ಬ್ರೊಕೊಲಿ ಹಳದಿಯಾಗಿ, ಅಂಗಡಿಯ ಪ್ಲಾಸ್ಟಿಕ್ ಸಮೇತ ಬಂದು ಬಿದ್ದಿತೆಂದರೆ ಆ ಮನೆಯ ಡಯಟ್ಟು ಮುಗಿಯಿತೆಂದೇ ಲೆಕ್ಕ. ಯುಗಾದಿಯ ಮಾರನೆಯ ದಿನ ಹೊಸತೊಡಕಿನ ಮೂಳೆ. ಮೇ ತಿಂಗಳಲ್ಲಿ ಮಾವಿನ ಓಟೆ. ಆಯುಧಪೂಜೆಗೆ ಲ್ಯಾಪ್‌ಟಾಪಿಗೂ ಕುಂಕುಮವಿಟ್ಟು ಗೇಟಿನೆದುರು ಒಡೆದ ಬೂದುಗುಂಬಳ, ಬಾಳೆಕಂದು. ಒಡೆದವರು ರಜೆಗೆ ಊರಿಗೆ ಹೋಗಿರುತ್ತಾರೆ, ಬಳಿಯುವವರು ಪೌರಕಾರ್ಮಿಕರು.

ಕಸ ವಿಂಗಡಿಸುವವರ ಮುಂದೆ ಯಾರ ಗುಟ್ಟೂ ನಿಲ್ಲುವುದಿಲ್ಲ. ಮಾನ್ವಿ ಕಡೆಯಿಂದ ಬಂದ ಹೌಸ್‌ಕೀಪಿಂಗ್ ಅಕ್ಕನಿಗೆ ಯಾವ ಮನೆಯಲ್ಲಿ ಅಡುಗೆಯಾಗುತ್ತದೆ, ಯಾವ ಮನೆಯಲ್ಲಿ ಬರೀ ಡಬ್ಬಿ ಬರುತ್ತದೆ ಎಂದು ಚೆನ್ನಾಗಿ ಗೊತ್ತು. “ಅನ್ನ ಹಂಗೇ ಡಬ್ಬ್ಯಾಗ ಬಿಟ್ಟು ಮುಚ್ಚಿ ಒಗದ್ರ ನಾನೇ ತಗದು ಬಳೀಬೇಕಲ್ರಿ ಸರ?” ಎಂದು ಆಕೆ ಕೇಳಿದರೆ, ಕೋಟಿ ಸಾಲಿನ ಕೋಡು ಬರೆದ ಸರ್ ತಬ್ಬಿಬ್ಬು.

ಇನ್ನು ಬಾಲ್ಕನಿಯ ಭಕ್ತರ ಪಂಥ. ಬೆಂಗಳೂರಿನದೇ ಆದ ‘ಡೇಲಿ ಡಂಪ್’ ಸಂಸ್ಥೆ 2006ರಿಂದ ಒಂದರ ಮೇಲೊಂದು ಕೂರುವ ಮಣ್ಣಿನ ಮಡಕೆಗಳನ್ನು ಮಾರುತ್ತ ಬಂದಿದೆ. ಪಕ್ಕದ ಎಚ್‌ಎಸ್‌ಆರ್ ಲೇಔಟಿನಲ್ಲಿ ಗೊಬ್ಬರ ಮಾಡುವುದನ್ನು ಕಲಿಸಲೆಂದೇ ‘ಸ್ವಚ್ಛಾಗ್ರಹ ಕಲಿಕಾ ಕೇಂದ್ರ’ ಇದೆ. ಅಲ್ಲಿಗೊಮ್ಮೆ ಹೋಗಿಬಂದ ಗಂಡಸು ಮೊದಲಿನವನಾಗಿ ಉಳಿಯುವುದಿಲ್ಲ. ಹೆಂಡತಿ ಹುರುಳಿಕಾಯಿ ಹೆಚ್ಚುವಾಗ ಹಿಂದೆ ನಿಂತು ತುದಿಗಳನ್ನು ಎಣಿಸುತ್ತಾನೆ. ಒಣ ಎಲೆ, ಕೋಕೋಪೀಟ್ ಬೆರೆಸಿ, ಇಂಗಾಲ ಸಾರಜನಕದ ಪ್ರಮಾಣ ಮೂವತ್ತಕ್ಕೊಂದು ಇರಬೇಕೆಂದು ನೆಂಟರಿಗೆ ಉಪದೇಶಿಸುತ್ತಾನೆ. ಮಾತು ಸರಿಯೇ: ಒಣ ಎಲೆ ಕಡಿಮೆಯಾಗಿ ನೀರು ಹೆಚ್ಚಾದರೆ ಗಾಳಿಯಾಡದೆ ಮಡಕೆ ನಾರುತ್ತದೆ. ಒಂದು ಬೆಳಿಗ್ಗೆ ಅದರಿಂದ ದಪ್ಪ ದಪ್ಪ ಹುಳಗಳು ಹೊರಟು ನಡುಮನೆಯ ಕಡೆಗೆ ತೆವಳಿದಾಗ ಮನೆಯಲ್ಲಿ ಚೀರಾಟ. ‘ಅವು ಬ್ಲ್ಯಾಕ್ ಸೋಲ್ಜರ್ ಫ್ಲೈ ಮರಿಗಳು ಕಣೇ, ಕಚ್ಚಲ್ಲ, ಕಸ ಬೇಗ ತಿಂತಾವೆ’ ಎಂಬ ವಿಜ್ಞಾನವನ್ನು ಸೋಫಾ ಮೇಲೆ ಹತ್ತಿ ನಿಂತವರಿಗೆ ಒಪ್ಪಿಸುವುದು ಕಷ್ಟ.

ಮನೆಯಲ್ಲಿ ಇಷ್ಟು ನಡೆಯುತ್ತಿದ್ದರೆ, ಬೀದಿಯ ಕಥೆ ಬೇರೆ. ಬಿಡಿ ಮನೆಗಳಿಗೆ, ಪಿಜಿಗಳಿಗೆ ಕಸದ ಆಟೊ ಬರುತ್ತದೆ. ಅದು ಬರುವ ಹೊತ್ತಿಗೆ ರಾತ್ರಿಪಾಳಿ ಮುಗಿಸಿದ ಹುಡುಗರು ಮಲಗಿರುತ್ತಾರೆ. ಎದ್ದ ಮೇಲೆ ಎಲ್ಲವನ್ನೂ ಒಂದೇ ಕರೀ ಕವರಿಗೆ ತುಂಬಿ, ಬೈಕು ನಿಲ್ಲಿಸದೆಯೇ ಮೂಲೆಗೆ ಎಸೆಯುವ ಕೈಚಳಕ ನೋಡುವಂಥದ್ದು. ಆ ಮೂಲೆಗಳಲ್ಲಿ ರಂಗೋಲಿ ಹಾಕಿದ್ದಾಯಿತು, ಗೋಡೆಗೆ ದೇವರ ಪಟ ಅಂಟಿಸಿದ್ದಾಯಿತು. 2025ರ ಅಕ್ಟೋಬರಿನಲ್ಲಿ ನಗರದ ಘನತ್ಯಾಜ್ಯ ಸಂಸ್ಥೆಯವರು ‘ಕಸ ಸುರಿಯುವ ಹಬ್ಬ’ವೆಂದು ಘೋಷಿಸಿ, ಬೀದಿಗೆ ಎಸೆದವರನ್ನು ಹುಡುಕಿ ಅವರ ಮನೆ ಬಾಗಿಲಲ್ಲೇ ಕಸ ತಂದು ಸುರಿದರು. ದೇವರಿಗೆ ಹೆದರದವರು ಪಕ್ಕದ ಮನೆಯವರು ನೋಡುತ್ತಾರೆಂದು ಹೆದರುತ್ತಾರೆ ಎಂಬ ಲೆಕ್ಕಾಚಾರ ನಮ್ಮ ಜನರ ಮಟ್ಟಿಗೆ ತಪ್ಪೇನಲ್ಲ. ಆ ವಾಟ್ಸ್‌ಆ್ಯಪ್ ಫೋಟೊ ಕೆಲಸ ಮಾಡುವುದೂ ಇದೇ ಕಾರಣಕ್ಕೆ.

ಇಷ್ಟೆಲ್ಲ ಜಾಗ್ರತೆಯ ನಡುವೆಯೂ ಎಲ್ಲರ ಕಣ್ಣು ತಪ್ಪಿಸುವ ಒಂದು ಪದಾರ್ಥವಿದೆ. ಹಾಲಿನ ಕವರಿನ ಮೂಲೆ ಕತ್ತರಿಸಿದಾಗ ಉದುರುವ ತುಣುಕು. ಕಿರುಬೆರಳ ಉಗುರಿನಷ್ಟಿರುವ ಅದು ಸಿಂಕಿಗೆ ಬಿದ್ದು, ಸೊಪ್ಪಿನ ಜತೆ ಹಸಿರು ಬುಟ್ಟಿ ಸೇರಿ, ಗೊಬ್ಬರದಲ್ಲಿ ಹಾಗೇ ಉಳಿದು ಹೊಲಕ್ಕೆ ಹೋಗುತ್ತದೆ. ಅದನ್ನು ಆರಿಸಿ ತೆಗೆಯಲು ಯಾವ ಅಕ್ಕನ ಕೈಯಲ್ಲೂ ಆಗದು. ನಾಳೆ ಬೆಳಿಗ್ಗೆ ಕತ್ತರಿ ಹಿಡಿದಾಗ ಮೂಲೆಯನ್ನು ಪೂರ್ತಿ ತುಂಡು ಮಾಡದೆ, ಕವರಿಗೇ ಅಂಟಿಕೊಂಡಿರುವಂತೆ ಬಿಡಿ. ಕವರನ್ನು ತೊಳೆದು ಒಣಗಿಸಿ ಚೀಲಕ್ಕೆ ಹಾಕಿ. ಗುಜರಿಯವರು ಅದನ್ನು ಕೆಜಿ ಲೆಕ್ಕದಲ್ಲಿ ಕೊಳ್ಳುತ್ತಾರೆ.