ಮಿರ್ಚಿ ಭಜಿಯ ಮೇದೋಪಠ್ಯ: ಹಾವೇರಿ ಸೀಮೆಯ ಒಂದು ಅಂತರಶಿಸ್ತೀಯ ಮರುಓದು

ಪ್ರಸ್ತುತ ಪ್ರಬಂಧವು ಹಾವೇರಿಯ ಮಿರ್ಚಿಯನ್ನು 'ಬಹುಸ್ತರೀಯ ಮೇದೋಪಠ್ಯ'ವೆಂದು ಪರಿಭಾವಿಸುತ್ತದೆ. ಅದರ ಎಣ್ಣೆ ಕರುಳಿನಲ್ಲಿ ಕೈಲೊಮೈಕ್ರಾನ್ ಎಂಬ ಕಣಗಳಾಗಿ, ದುಗ್ಧರಸದ ದಾರಿ ಹಿಡಿದು ರಕ್ತ ಸೇರುತ್ತದೆ. ರಕ್ತದಲ್ಲಿ ಕೊಬ್ಬು ಗರಿಷ್ಠಕ್ಕೆ ಏರುವುದು ತಿಂದ 3-4 ತಾಸಿಗೆ. ಅಷ್ಟರಲ್ಲಿ ತಿಂದವನು ರೈಲು ಹತ್ತಿ, ಬ್ಯಾಡಗಿ ದಾಟಿ, ರಾಣೇಬೆನ್ನೂರಿನ ಬೀಜದಂಗಡಿಯಲ್ಲಿ ಚೌಕಾಸಿಗೆ ನಿಂತಿರುತ್ತಾನೆ. ಆದಕಾರಣ ಹಾವೇರಿಯ ಕೊಬ್ಬು ರಾಣೇಬೆನ್ನೂರಿನ ಸಮಸ್ಯೆ ಎಂಬ 'ಸ್ಥಳಾಂತರಿತ ಮೇದೋವಾದ'ವನ್ನು ಮಂಡಿಸುತ್ತೇವೆ.

ವರ್ಗೀಕರಣ: (ಅ) ಹಾವೇರೀಯ, ಅಂದರೆ ಊಟದಿಂದ ಬಂದ ಕಣ. (ಆ) ರಾಣೇಬೆನ್ನೂರೀಯ, ಅಂದರೆ ಯಕೃತ್ತು ತಾನೇ ಕಟ್ಟಿ ಕಳಿಸುವ ವಿಎಲ್‌ಡಿಎಲ್ ಎಂಬ ಕಣ. (ಇ) ಬ್ಯಾಡಗೀಯ, ಅಂದರೆ ಮೆಣಸಿನಕಾಯಿ, ಉಪವರ್ಗಗಳು ಡಬ್ಬಿ ಮತ್ತು ಕಡ್ಡಿ. ಮೂರನೆಯದು ಯಾಕೆಂದು ಕೇಳಬೇಡಿ. ಮೂರು ವರ್ಗವಿಲ್ಲದ ಪ್ರಬಂಧಕ್ಕೆ ಸಂಕಿರಣದಲ್ಲಿ ಪ್ರಮಾಣಪತ್ರ ಸಿಗುವುದಿಲ್ಲ. ಸಾಕು, ವರ್ಗೀಕರಣ ಇಲ್ಲಿಗೇ ಬಿಟ್ಟೆ.

ಇನ್ನು 'ಮೇದೋಜಲವಿಚ್ಛೇದನಾತ್ಮಕ ಪರಿಪ್ರೇಕ್ಷ್ಯ'. ಲೈಪೊಪ್ರೋಟೀನ್ ಲೈಪೇಸ್ ಎಂಬ ಕಿಣ್ವ ಲೋಮನಾಳದ ಗೋಡೆಗೆ ಅಂಟಿ ಕೂತಿರುತ್ತದೆ. ಕಣದ ಒಡಲಲ್ಲಿ ಟ್ರೈಗ್ಲಿಸರೈಡ್ ಎಂಬ ಕೊಬ್ಬಿನ ರಾಶಿ ಇದ್ದರೂ, ಫಾಸ್ಫೊಲಿಪಿಡ್ಡಿನ ಹೊರಪದರಕ್ಕೆ ಬಂದಷ್ಟನ್ನು ಮಾತ್ರ ಅದು ಕಡಿಯಬಲ್ಲದು. ಆ ಪದರದಲ್ಲಿ ಸ್ಫಿಂಗೊಮೈಲಿನ್ ಹೆಚ್ಚಾದರೆ ಕೆಲಸ ಕುಂಟುತ್ತದೆ. ಅಪೊ ಸಿ-2 ಎಂಬ ಪ್ರೋಟೀನ್ ಅದಕ್ಕೆ ಕೈಜೋಡಿಸುತ್ತದೆ, ಅಪೊ ಸಿ-3 ಅಡ್ಡಗಾಲು ಹಾಕುತ್ತದೆ. ಇಷ್ಟೇ! ಐದು ನಿಮಿಷದ ಮಾತು. ಇದಕ್ಕೆ ಉದ್ಘಾಟನೆ, ಏಲಕ್ಕಿ ಹಾರ, ಆಶಯ ಭಾಷಣ, ಅಧ್ಯಕ್ಷೀಯ ನುಡಿ. ಕೊನೆಗೆ ವಂದನಾರ್ಪಣೆಯವರೂ ಪರಿಪ್ರೇಕ್ಷ್ಯ ಅಂದರು.

ಆ ಐದು ನಿಮಿಷ ಬೇಕಾಗಿದ್ದದ್ದು ಬ್ಯಾಡಗಿ ಮಾರುಕಟ್ಟೆಯ ಹಮಾಲನೊಬ್ಬನಿಗೆ. ಅವನ ಕೈಯಲ್ಲಿ ರಕ್ತಪರೀಕ್ಷೆಯ ಹಾಳೆ, ಪೂರಾ ಇಂಗ್ಲಿಷಿನಲ್ಲಿ. ಟ್ರೈಗ್ಲಿಸರೈಡ್ 150ರೊಳಗೆ ಇರಬೇಕು, ಅವನದು 420. ಕೆಳಗೆ ಲೆಕ್ಕ ಹಾಕಿ ತೆಗೆದ ಎಲ್‌ಡಿಎಲ್ ಕೊಲೆಸ್ಟ್ರಾಲಿನ ಅಂಕಿ. ಟ್ರೈಗ್ಲಿಸರೈಡ್ 400 ದಾಟಿದರೆ ಆ ಲೆಕ್ಕದ 1972ರ ಫ್ರೀಡೆವಾಲ್ಡ್ ಸೂತ್ರ ನಡೆಯುವುದಿಲ್ಲ. ಆದರೂ ಎಲ್‌ಡಿಎಲ್ಲನ್ನು ದಪ್ಪಕ್ಷರದಲ್ಲಿ ಅಚ್ಚು ಹಾಕಿ ದುಡ್ಡು ತಗೊಂಡಿದ್ದಾರೆ. ಹಸಿದ ಹೊಟ್ಟೆಯಲ್ಲಿ ಬಾ ಎಂದು ಯಾರೂ ಹೇಳಿರಲಿಲ್ಲ. ನಾಲ್ಕು ಮಿರ್ಚಿ, ಒಂದು ಪ್ಲೇಟ್ ಗಿರ್ಮಿಟ್ ತಿಂದು, ಮೂರು ತಾಸು ಪಾಳಿಯಲ್ಲಿ ನಿಂತು ರಕ್ತ ಕೊಟ್ಟಿದ್ದ. ಹೆದರಿ ಅಂದಿನಿಂದ ಖಾರ ಬಿಟ್ಟಿದ್ದಾನೆ. ದಿನವಿಡೀ ಮೆಣಸಿನಕಾಯಿ ಚೀಲ ಹೊರುವವನು, ಮನೆಯಲ್ಲಿ ಸಪ್ಪೆ ಸಾರು ಉಣ್ಣುತ್ತಿದ್ದಾನೆ!

ಖಾರದ ತಪ್ಪೇನಿಲ್ಲಪ್ಪಾ, ರಾತ್ರಿ ಉಂಡ ಮೇಲೆ ಹನ್ನೆರಡು ತಾಸು ಏನೂ ತಿನ್ನದೆ ನಾಳೆ ಇನ್ನೊಮ್ಮೆ ರಕ್ತ ಕೊಡು ಅಂದೆ.

"ನಾಳಿ ಸೋಮವಾರ್ರೀ, ಟೆಂಡರ್ ಐತಿ," ಅಂದ. "ಉಪಾಸ ಬಿದ್ದು ಪಾಳಿ ಹಚ್ಚಿದ್ರ ಚೀಲ ಯಾರ್ ಹೊರತಾರ್ರಿ?"