ಗಳಿಕೆ ರಜೆಯ ಲೆನ್ಸು

ಬೆಳಿಗ್ಗೆ ಆರು ಗಂಟೆಗೆ ಮೈಸೂರಿನ ಕುಕ್ಕರಹಳ್ಳಿ ಕೆರೆಗೆ ಹೋದರೆ ಮೂರು ಜಾತಿಯ ಜೀವಿಗಳು ಕಣ್ಣಿಗೆ ಬೀಳುತ್ತವೆ. ನೀರಿನಲ್ಲಿ ಹೆಜ್ಜಾರ್ಲೆಗಳು, ಏರಿಯ ಮೇಲೆ ಸಕ್ಕರೆ ಕಾಯಿಲೆಗೆ ಹೆದರಿ ನಡೆಯುವವರು, ಇವರಿಬ್ಬರ ನಡುವಿನ ಪೊದೆಯಲ್ಲಿ ನಿವೃತ್ತ ಫೋಟೋಗ್ರಾಫರುಗಳು. ಮೂರನೆಯ ಜಾತಿಯನ್ನು ಗುರುತಿಸಲು ಪಕ್ಷಿತಜ್ಞರೇ ಬೇಕಿಲ್ಲ. ಮೈಮೇಲೆ ಹದಿನಾಲ್ಕು ಜೇಬಿನ ಹಸಿರು ಜಾಕೀಟು, ಮೊಣಕಾಲಿಗೆ ಬಿಗಿಪಟ್ಟಿ, ಕೊರಳಲ್ಲಿ ಕೈಗೂಸಿನ ತೂಕದ ಕ್ಯಾಮೆರಾ. ಈ ಜಾತಿಯ ಅಪ್ಪಟ ಮಾದರಿ ನಮ್ಮ ಭಾವ.

ಭಾವ ಮೂವತ್ತಾರು ವರ್ಷ ಬ್ಯಾಂಕಿನಲ್ಲಿ ದುಡಿದು 2019ರಲ್ಲಿ ನಿವೃತ್ತರಾದವರು. ಫೋಟೋ ಹುಚ್ಚು ಮಾತ್ರ ಮೊದಲಿನಿಂದಲೂ ಇತ್ತು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಆಗ್ಫಾ ಕ್ಲಿಕ್ ಕೊಂಡಿದ್ದರು. ರೋಲಿಗೆ 12 ಚಿತ್ರ. ಆ ಹನ್ನೆರಡನ್ನೂ ಭಾವ ಸಾಲ ಮಂಜೂರು ಮಾಡಿದ ಹಾಗೆ, ಅರ್ಜಿ ನೋಡಿ, ಜಾಮೀನು ನೋಡಿ, ಒಂದೊಂದಾಗಿ ಬಿಡುಗಡೆ ಮಾಡುತ್ತಿದ್ದರು. ಮಗಳ ನಾಮಕರಣ ಮತ್ತು ಅವಳು ಮೊದಲ ಹೆಜ್ಜೆಯಿಟ್ಟದ್ದು ಎರಡೂ ಒಂದೇ ರೋಲಿನಲ್ಲಿವೆ.

ಆಮೇಲೆ ಪ್ರಮೋಷನ್ನು, ವರ್ಗ, ಆಡಿಟ್ಟು. ಕ್ಯಾಮೆರಾ ಟ್ರಂಕಿನ ತಳ ಸೇರಿತು. ಕೇಳಿದವರಿಗೆಲ್ಲ ಒಂದೇ ಉತ್ತರ: “ರಿಟೈರ್ ಆಗ್ಲಿ, ನೋಡ್ಕೊಳ್ಳೋಣ.” ರಾಣೆಬೆನ್ನೂರಿನಲ್ಲಿ ಮೂರು ವರ್ಷ ಇದ್ದರು. ಊರ ಮಗ್ಗುಲಲ್ಲೇ ಕೃಷ್ಣಮೃಗಗಳ ಅಭಯಾರಣ್ಯ. ಭಾವ ಅಲ್ಲಿ ಕಂಡ ಏಕೈಕ ಕೃಷ್ಣಮೃಗ, ಕ್ಯಾಷಿಯರ್ ಹಿಂದಿನ ಗೋಡೆಯ ಕ್ಯಾಲೆಂಡರಿನದು. 2015ರ ಸೆಪ್ಟೆಂಬರಿನಿಂದ ಎರಡನೇ, ನಾಲ್ಕನೇ ಶನಿವಾರ ಬ್ಯಾಂಕುಗಳಿಗೆ ರಜೆ ಬಂತಲ್ಲ, ಭಾವ ಆ ದಿನವೂ ಹೋಗಿ ಬಾಗಿಲು ಮುಚ್ಚಿಕೊಂಡು ಬಾಕಿ ಕೆಲಸ ತೀರಿಸುತ್ತಿದ್ದರು. “ಗಿರಾಕಿ ಇಲ್ದೆ ಬ್ಯಾಂಕು ಎಷ್ಟು ಚೆನ್ನಾಗಿರುತ್ತೆ ಗೊತ್ತೇನಯ್ಯ!” ಎಂದು ನನಗೊಮ್ಮೆ ಹೇಳಿದ್ದುಂಟು.

ಹೀಗೆ ಉಳಿಸಿದ ಗಳಿಕೆ ರಜೆ ನಿವೃತ್ತಿಯ ದಿನಕ್ಕೆ ಭರ್ತಿ 240 ದಿನವಾಗಿ ಕೂತಿತ್ತು. ಅದಕ್ಕಿಂತ ಹೆಚ್ಚು ರಜೆಗೆ ಆಗ ಬ್ಯಾಂಕು ದುಡ್ಡು ಕೊಡುತ್ತಿರಲಿಲ್ಲ. ಕೊಟ್ಟಿದ್ದರೆ ಇನ್ನೂ ಉಳಿಸುತ್ತಿದ್ದರೋ ಏನೋ. ರಜೆಯ ಹಣ ಕೈಗೆ ಬಂದ ವಾರವೇ ಕ್ಯಾಮೆರಾ ಬಂತು, ಹಿಂದೆಯೇ ಮೊಳದುದ್ದದ ಲೆನ್ಸೂ ಬಂತು. ನಮ್ಮಕ್ಕ ಅದನ್ನು ಒರಸಿಡುವಾಗಲೆಲ್ಲ ಗೊಣಗುತ್ತಾಳೆ: “ಇದರೊಳಗೆ ನನ್ನ ಧರ್ಮಸ್ಥಳ ಒಂದು ವಾರ ಇದೆ ಕಣೋ, ಕಾಶಿ ಹದಿನೈದು ದಿನ ಇದೆ, ನಮ್ಮಮ್ಮನ ಆಪರೇಷನ್ನಿಗೆ ಬರ್ತೀನಿ ಅಂದು ಬರದೇ ಇದ್ದ ನಾಲ್ಕು ದಿನವೂ ಇದೆ. ಎಲ್ಲ ಸೇರಿ ಈ ಕೊಳವೆ ಆಗಿದೆ.”

ಭಾವ ಬ್ಯಾಂಕು ಬಿಟ್ಟರೂ ಬ್ಯಾಂಕು ಭಾವನನ್ನು ಬಿಡಲಿಲ್ಲ. ನಾಲ್ಕು ಗಂಟೆಗೆ ಏಳುತ್ತಾರೆ. ಅಂದರೆ ಅಕ್ಕ ಮೂರೂವರೆಗೆ ಏಳುತ್ತಾಳೆ. ಫ್ಲಾಸ್ಕಿಗೆ ಕಾಫಿ, ಡಬ್ಬಿಗೆ ಒಗ್ಗರಣೆ ಅವಲಕ್ಕಿ ತನ್ನಷ್ಟಕ್ಕೆ ತಾನೇ ಆಗುವುದಿಲ್ಲವಲ್ಲ. ಹಕ್ಕಿಗಳಿಗೊಂದು ರಿಜಿಸ್ಟರ್ ಇದೆ: ಮಿಂಚುಳ್ಳಿ, ಹಾಜರು. ಚಮಚದ ಕೊಕ್ಕು, ತಡವಾಗಿ ಹಾಜರು. ತಿಂಗಳಿಗೆ ಇಷ್ಟು ಜಾತಿ ಎಂದು ಟಾರ್ಗೆಟ್ಟು. ಮಾರ್ಚ್ ಬಂತೆಂದರೆ ವರ್ಷಾಂತ್ಯದ ತರಾತುರಿ; ಗುರಿ ಮುಟ್ಟದಿದ್ದರೆ ಹಿತ್ತಲಿನ ಕಾಗೆಗಳನ್ನೂ ಜಮಾ ಮಾಡಿಕೊಳ್ಳುತ್ತಾರೆ.

ಒಮ್ಮೆ ನನ್ನನ್ನು ರಂಗನತಿಟ್ಟಿಗೆ ಕರೆದೊಯ್ದರು. ಸಲೀಂ ಅಲಿಯವರ ಮಾತಿನಂತೆ ಮೈಸೂರಿನ ಅರಸರು 1940ರಲ್ಲಿ ಪಕ್ಷಿಧಾಮವೆಂದು ಘೋಷಿಸಿದ ಜಾಗ. ದೋಣಿ ಹೊರಟಿತು. ಬಂಡೆಯ ಮೇಲೆ ಬಾಯಿ ತೆರೆದು ಮಲಗಿದ್ದ ಮೊಸಳೆಯನ್ನು ಕಂಡು ನಾನು ಭಾವನ ಜಾಕೀಟು ಹಿಡಿದುಕೊಂಡೆ. ಭಾವನಿಗೆ ಮೊಸಳೆಯ ಪರಿವೆಯಿಲ್ಲ. ಗೂಡಿನಲ್ಲಿದ್ದ ಬಣ್ಣದ ಕೊಕ್ಕರೆಯತ್ತ ಲೆನ್ಸು ತಿರುಗಿಸಿ ಗುಂಡಿ ಒತ್ತಿದರು. ಹೊಲಿಗೆ ಮಿಷನ್ನಿನ ಸದ್ದು ಕೇಳಿತು. ಸೆಕೆಂಡಿಗೆ 20 ಚಿತ್ರವಂತೆ! ಆಗ್ಫಾ ಕಾಲದಲ್ಲಿ ಒಂದೂವರೆ ವರ್ಷಕ್ಕೆ ಸಾಲುತ್ತಿದ್ದದ್ದು ಕೊಕ್ಕರೆ ಒಮ್ಮೆ ಕತ್ತು ತಿರುಗಿಸುವಷ್ಟರಲ್ಲಿ ಖರ್ಚಾಯಿತು. “ಛೆ, ಕಣ್ಣು ಮುಚ್ಚಿಬಿಟ್ಟಿತು. ಸ್ವಲ್ಪವೂ ಶಿಸ್ತಿಲ್ಲ” ಎಂದು ಕೊಕ್ಕರೆಗೆ ಮೆಮೋ ಕೊಡುವವರಂತೆ ಹುಬ್ಬು ಗಂಟಿಕ್ಕಿದರು.

ಭಾವನಿಗೊಂದು ಬಳಗವೂ ಇದೆ: ವಿದ್ಯುತ್ ಇಲಾಖೆಯ ಎಂಜಿನಿಯರು, ಕಾಲೇಜಿನ ಪ್ರಿನ್ಸಿಪಾಲರು, ವಿಮೆಯವರು, ಎಲ್ಲರೂ ಮಾಜಿ. ಮೊದಲು ಡಿ.ಎ. ಎಷ್ಟು ಬಂತು ಎಂದು ಹೋಲಿಸಿಕೊಳ್ಳುತ್ತಿದ್ದವರು ಈಗ ಲೆನ್ಸು ಎಷ್ಟುದ್ದ ಎಂದು ಹೋಲಿಸಿಕೊಳ್ಳುತ್ತಾರೆ. ಬೇರೆಯವರ ಚಿತ್ರದ ಬಗ್ಗೆ ಭಾವನ ಷರಾ ಎಂದೂ ಬದಲಾಗಿದ್ದಿಲ್ಲ: “ಶಾರ್ಪ್ ಏನೋ ಇದೆ. ಆದ್ರೆ ಚಿತ್ರದಲ್ಲಿ ಜೀವ ಇಲ್ಲ.”

ಮಗಳು ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯಲ್ಲಿದ್ದಾಳೆ. ವರ್ಷದ ರಜೆಯನ್ನು ಆಯಾ ವರ್ಷವೇ ಮುಗಿಸುತ್ತಾಳೆ. ಮಂಗಳವಾರ ಮಧ್ಯಾಹ್ನ ಫೋನು ಮಾಡಿ “ಅಪ್ಪಾ, ಆಗುಂಬೆಯಲ್ಲಿದೀನಿ, ಏನು ಮಳೆ ಅಂತೀಯ!” ಎಂದರೆ ಭಾವನಿಗೆ ಎದೆ ಧಸಕ್ಕೆನ್ನುತ್ತದೆ, ಕೆಲಸ ಹೋಯಿತೇನೋ ಎಂದು. ರಜೆಯನ್ನು ಖರ್ಚು ಮಾಡುವುದೆಂದರೆ ಅವರ ಮಟ್ಟಿಗೆ ಅಸಲಿಗೇ ಕೈಹಾಕಿದಂತೆ.

“ತೇಜಸ್ವಿ ಅರವತ್ತಾಗಲಿ ಅಂತ ಕಾದ್ರಾ ಅಪ್ಪ? ಎಂ.ಎ. ಮುಗಿಸಿ ನೌಕರಿ ಬೇಡ ಅಂತ ಮೂಡಿಗೆರೆಗೆ ಹೋಗಿ ತೋಟ ಮಾಡ್ಲಿಲ್ವಾ, ಹಕ್ಕಿ ಫೋಟೋ ತೆಗೀಲಿಲ್ವಾ?” ಎಂದು ಒಮ್ಮೆ ಊಟದ ಹೊತ್ತಿನಲ್ಲಿ ಕೆಣಕಿದಳು.

ಭಾವ ಸಾರಿನ ತಟ್ಟೆಯಿಂದ ತಲೆಯೆತ್ತದೆ ಹೇಳಿದರು: “ತೇಜಸ್ವಿಗೆ ತೋಟ ಇತ್ತು ಮಗಳೇ. ನನಗೆ ಹೌಸಿಂಗ್ ಲೋನ್ ಇತ್ತು.”

ಅದಕ್ಕೆ ಅವಳ ಬಳಿಯೂ ಉತ್ತರವಿರಲಿಲ್ಲ. ಅವಳು ಓದಿದ್ದು, ಬೆಳೆದದ್ದು ಆ ಸಾಲದ ಸೂರಿನಡಿಯಲ್ಲೇ ತಾನೆ.

ಈವರೆಗೆ ತೆಗೆದ ಚಿತ್ರ ಎಂಬತ್ತು ಸಾವಿರ ದಾಟಿವೆ. ನಾಲ್ಕು ಹಾರ್ಡ್ ಡಿಸ್ಕುಗಳು ಬೀರುವಿನಲ್ಲಿ ಅಕ್ಕನ ಒಡವೆಯ ಪಕ್ಕ ಬೀಗದೊಳಗಿವೆ. “ಯಾವಾಗ ಭಾವ ಇವನ್ನೆಲ್ಲ ಕೂತು ನೋಡೋದು?” ಎಂದೆ. “ಟೈಮೆಲ್ಲಿದೆಯಯ್ಯ! ಇದರಿಂದಲೂ ರಿಟೈರ್ ಆಗ್ಲಿ, ನೋಡ್ಕೊಳ್ಳೋಣ” ಎಂದರು.

ಕಳೆದ ನವೆಂಬರಿನ ಮಾತು. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ನಂಜನಗೂಡು ತಾಲ್ಲೂಕಿನ ಹದಿನಾರು ಎಂಬ ಊರಿನ ಕೆರೆಗೆ ಇಳಿಯುವ ಕಾಲ. ಪಿಂಚಣಿದಾರರು ತಾವು ಬದುಕಿದ್ದೇವೆಂದು ರುಜುವಾತು ಕೊಡುವ ಕಾಲವೂ ಅದೇ. ಭಾವ ಹೆಬ್ಬಾತುಗಳ ಹಾಜರಿ ಹಾಕುತ್ತ ತಮ್ಮದನ್ನೇ ಮರೆತಿದ್ದರು. ಕೊನೆಯ ದಿನ ನೆನಪಾಯಿತು. ಈಗ ಫೋನಿನಲ್ಲೇ ಮುಖ ತೋರಿಸಿ ಜೀವಂತ ಪ್ರಮಾಣಪತ್ರ ಪಡೆಯಬಹುದಲ್ಲ, ಆ ಫೋನನ್ನು ಟ್ರೈಪಾಡಿಗೆ ಬಿಗಿದರು. ಕಿಟಕಿಯ ಬೆಳಕು ಸರಿಪಡಿಸಿಕೊಂಡರು. ಬೆನ್ನು ನೆಟ್ಟಗೆ ಮಾಡಿ, ರೆಪ್ಪೆ ಅಲುಗಿಸದೆ ಕೂತರು. ಫೋನು ಒಪ್ಪಲಿಲ್ಲ. ಜೀವಂತ ಮನುಷ್ಯನೆಂದು ನಂಬಲು ಅದಕ್ಕೆ ಕಣ್ಣು ಮಿಟುಕಿಸಬೇಕಂತೆ. ನಾಲ್ಕು ಸಲ ತಿರಸ್ಕೃತರಾದರು. “ಕಣ್ಣು ಮಿಟುಕಿಸಿದ್ರೆ ಫೋಟೋ ಕೆಟ್ಟುಹೋಗುತ್ತಯ್ಯ!” ಎಂದು ಅದರ ಜೊತೆಗೇ ವಾದಕ್ಕಿಳಿದರು.

ಅಡುಗೆಮನೆಯಿಂದ ಅಕ್ಕ ಕೂಗಿದಳು: “ರೀ, ಹಾಲು ಉಕ್ತಿದೆ!”

ಭಾವ ಬೆಚ್ಚಿ ಪಟಪಟನೆ ಕಣ್ಣು ಬಡಿದರು. ಫೋನು ಒಪ್ಪಿಕೊಂಡಿತು.

ಅಕ್ಕ ಸೆರಗಿಗೆ ಕೈಯೊರಸಿಕೊಳ್ಳುತ್ತ ಬಂದು ನಿಂತಳು. ಒಲೆ ಹೊತ್ತಿಸಿಯೇ ಇರಲಿಲ್ಲ ಎಂಬುದು ನನಗೆ ಆಮೇಲೆ ಗೊತ್ತಾಯಿತು. ಭಾವ ಮಾತ್ರ ಸಪ್ಪೆ ಮುಖ ಮಾಡಿಕೊಂಡಿದ್ದರು. “ಮುಖ ಅಲ್ಲಾಡಿಬಿಡ್ತು ಕಣೇ. ಶಾರ್ಪ್ ಬಂದಿರಲ್ಲ.”

“ಶಾರ್ಪ್ ಇಲ್ದಿದ್ರೆ ಹೋಗ್ಲಿ ಬಿಡಿ” ಎಂದಳು ಅಕ್ಕ, “ಜೀವ ಇದೆಯಂತಲ್ಲ.”