ಪದ್ಮಿನಿಯ ಒಡ್ಡೋಲಗ

ಅಂಕೋಲೆಯ ನಮ್ಮ ಭಾವನ ಹತ್ತಿರ ಒಂದು ಪ್ರೀಮಿಯರ್ ಪದ್ಮಿನಿ ಇದೆ. ಇದೆ ಅಂದರೆ ಅಂಗಳದಲ್ಲಿದೆ. ರಸ್ತೆಗೆ ಬರುವುದು ಬಿಡುವುದು ಅದರ ಮರ್ಜಿ. ಚಿತ್ತೋರಿನ ರಾಣಿಯ ಹೆಸರು ಹೊತ್ತವಳು ಕರೆದ ತಕ್ಷಣ ಎದ್ದು ಬಂದಾಳೇ? ಮುಂಬೈಯಲ್ಲಿ ಕಪ್ಪು-ಹಳದಿ ಟ್ಯಾಕ್ಸಿಯಾಗಿ ದುಡಿದ ಇವಳ ಅಕ್ಕತಂಗಿಯರು 2023ರ ಅಕ್ಟೋಬರಿನಲ್ಲೇ ನಿವೃತ್ತರಾದರು. ಇವಳಿನ್ನೂ ಸೇವೆಯಲ್ಲಿದ್ದಾಳೆ, ಬಹುಪಾಲು ರಜೆಯ ಮೇಲೆ.

ಮೊನ್ನೆ ಆಷಾಢದ ಮಳೆಯಲ್ಲಿ ಕಾರವಾರಕ್ಕೆ ಹೊರಟೆವು. ಬಸ್ಸಿಗೆ ಹೋಗೋಣ ಅಂದೆ. "ಬಾಗಿಲಲ್ಲಿ ಕಾರಿರುವಾಗ ಬಸ್ಸು ಎಂಥದಕ್ಕೆ ಮಾರಾಯ?" ಅಂದರು ಭಾವ. ಚೋಕ್ ಎಳೆದು ಸೆಲ್ಫ್ ಹೊಡೆದರು. ಯಕ್ಷಗಾನದಲ್ಲಿ ತೆರೆಯ ಹಿಂದೆ ಬಣ್ಣದ ವೇಷ ಅಬ್ಬರಿಸುತ್ತದಲ್ಲ, ಹಾಗೆ ಅಬ್ಬರವೋ ಅಬ್ಬರ. ವೇಷ ಮಾತ್ರ ರಂಗಕ್ಕೆ ಬರಲಿಲ್ಲ.

ಅಷ್ಟರಲ್ಲಿ ಬೇಲಿಯಾಚೆಯಿಂದ ಮೂವರು ಪಂಡಿತರು ಕೊಡೆ ಹಿಡಿದು ಹಾಜರು. ಒಬ್ಬರು "ಬ್ಯಾಟರಿ ಡೌನ್" ಅಂದರು. ಇನ್ನೊಬ್ಬರು "ಕಾರ್ಬೊರೇಟರಿನಲ್ಲಿ ಕಸ" ಅಂದರು. ಮೂರನೆಯವರು ಬಾನೆಟ್ ಕಡೆಗೂ ನೋಡದೆ "ಮಾರಿಬಿಡಿ" ಅಂದರು.

ಪಾಪ ಕಾರ್ಬೊರೇಟರ್, ಏನಾದರೂ ಅಪವಾದ ಅದಕ್ಕೇ. ವಾರಗಟ್ಟಲೆ ನಿಂತ ಗಾಡಿಯಲ್ಲಿ ಅದರ ಬಟ್ಟಲಿನ ಪೆಟ್ರೋಲ್ ಆರಿಹೋಗಿರುತ್ತದೆ. ಎಂಜಿನ್ ತಿರುಗಿದರಷ್ಟೇ ಪಂಪು ತುಂಬಿಸುತ್ತದೆ, ಅಲ್ಲಿಯವರೆಗೆ ತಾಳಬೇಕು. ಆದರೆ ಭಾವ ಹಿಂದಿನ ದಿನವೇ ಸಂತೆಗೆ ಹೋಗಿ ಬಂದಿದ್ದರು. ಪ್ಲಗ್ ಬಿಚ್ಚಿ ಮೂಸಿದೆ: ಒದ್ದೆ, ಪೆಟ್ರೋಲಿನ ಘಾಟು. ಅಂದರೆ ಊಟ ಬಂದಿದೆ, ಒಲೆ ಹೊತ್ತಿಲ್ಲ. ಡಿಸ್ಟ್ರಿಬ್ಯೂಟರ್ ಕ್ಯಾಪ್ ಎತ್ತಿ ನೋಡಿದರೆ ಒಳಗೆಲ್ಲ ಇಡ್ಲಿ ಪಾತ್ರೆಯ ಮುಚ್ಚಳದಂತೆ ಹನಿ ಹನಿ ಬೆವರು. ನಮ್ಮ ಕರಾವಳಿಯ ಮಳೆಗಾಲದಲ್ಲಿ ಉಪ್ಪಿನ ಭರಣಿಯೇ ನೀರಾಗುತ್ತದೆ, ಇದೇನು ಮಹಾ! ಕಿಡಿ ಪ್ಲಗ್ಗಿಗೆ ಹೋಗುವ ಬದಲು ತೇವದ ಮೇಲೆ ಹರಿದು ಪೋಲಾಗುತ್ತಿತ್ತು.

ಅಕ್ಕ ಬಂದವಳೇ ಕ್ಯಾಪನ್ನೂ ಪ್ಲಗ್ಗುಗಳನ್ನೂ ಸೆರಗಿನಲ್ಲಿ ಹಾಕಿಕೊಂಡು ಹೋಗಿ ಒಲೆಯ ಪಕ್ಕ, ಒಣಮೀನಿನ ಬುಟ್ಟಿಯ ಮಗ್ಗುಲಲ್ಲಿ ಇಟ್ಟಳು. ಕಾಲು ಗಂಟೆ ಬಿಟ್ಟು ಜೋಡಿಸಿದೆವು. ಒಂದೇ ಸೆಲ್ಫಿಗೆ ರಾಣಿ ಎದ್ದಳು, ಸ್ವಲ್ಪ ಬಂಗಡೆ ವಾಸನೆಯೊಡನೆ. ಪಂಡಿತರು "ನಾನು ಹೇಳಿದ್ದೂ ಅದೇ" ಅಂದರು, ಮೂವರೂ.

ಬೇಸಿಗೆಯ ರೋಗವೇ ಬೇರೆ. ಏಪ್ರಿಲಿನಲ್ಲಿ ಕಾರವಾರದಿಂದ ಬರುವಾಗ ಅವರ್ಸಾದಲ್ಲಿ ಚಹಾಕ್ಕೆ ನಿಂತರೆ ಸಾಕು, ಬಿಸಿ ಎಂಜಿನ್ನಿನ ಕಾವಿಗೆ ಬಟ್ಟಲಿನ ಪೆಟ್ರೋಲ್ ಕುದಿದು ಒಳಕ್ಕೆ ಸುರಿದು ಗಂಟಲು ಕಟ್ಟುತ್ತದೆ. ಆಗ ಚೋಕ್ ಮುಟ್ಟಬಾರದು; ಎಕ್ಸಿಲರೇಟರನ್ನು ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆಯಬೇಕು, ಗಾಳಿ ಒಳಹೋಗಿ ತೆರವಾಗುತ್ತದೆ. ಭಾವ ಮಾತ್ರ ಹೊಲಿಗೆ ಯಂತ್ರ ತುಳಿದ ಹಾಗೆ ತುಳಿಯುತ್ತಾರೆ. ಒಂದೊಂದು ತುಳಿತಕ್ಕೂ ಇನ್ನಷ್ಟು ಪೆಟ್ರೋಲ್! ಬಾಯಿ ಬಿಟ್ಟು ಹೇಳುವಂತಿಲ್ಲ, ಅಕ್ಕನ ಗಂಡ.

ಈಗೀಗ ಅವರು ಎಲ್ಲಿ ಹೋದರೂ ಇಳಿಜಾರು ಹುಡುಕಿ ಗಾಡಿ ನಿಲ್ಲಿಸುತ್ತಾರೆ. ಕಾರವಾರದ ಕಡಲ ಬದಿಯ ರಸ್ತೆ ಚಪ್ಪಟೆ ಅಂತ ಟಾಗೋರ್ ಕಡಲತೀರದ ಮೇಲೆಯೇ ಸಿಟ್ಟು. ಅಕ್ಕ ಹೊರಡುವಾಗ ಒಣಬಟ್ಟೆ ತೆಗೆದುಕೊಳ್ಳುತ್ತಾಳೆ. ನಾನು ಬಸ್ಸಿನ ಚಿಲ್ಲರೆ.